ಐಟಿ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ

ಇನ್‌ಸ್ಟಿಟ್ಯೂಟ್ ಮೆಟ್ಟಿಲು ಹತ್ತುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನೌಕ್ರಿ, ಲಿಂಕ್ಡ್‌ಇನ್ ಅನ್ನುವ ಕೆಲಸ ಹುಡುಕುವ ಸೈಟ್ ಎರಡನ್ನೂ ತೆರೆಯಿರಿ. ಊರಿನ ಜಾಗದಲ್ಲಿ ಮಂಗಳೂರು, ಉಡುಪಿ, ಬೆಂಗಳೂರು ಅಂತ ಹಾಕಿ, ಕಲಿತರೆ ನಾನು ಮಾಡಬಲ್ಲೆ ಅನ್ನಿಸುವ 20 ಕೆಲಸ ಆರಿಸಿ. ಒಂದೊಂದರಲ್ಲೂ ಯಾವ ಸರ್ಟಿಫಿಕೇಟ್ ಕೇಳಿದ್ದಾರೆ, ಎಷ್ಟು ವರ್ಷದ ಅನುಭವ ಬೇಕಂತೆ, ಯಾವ ಡಿಗ್ರಿ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮತ್ತೆ ಮತ್ತೆ ಬಂದ ಹೆಸರಿನ ಕೆಳಗೆ ಗೆರೆ ಎಳೆಯಿರಿ. ನೀವು ಕಲಿಯಬೇಕಾದ್ದು ಅದು. ಕೋರ್ಸ್ ಹುಡುಕುವ ಕೆಲಸ ಆಮೇಲಿನದು.

ನಾನು ಇದನ್ನು ಉಲ್ಟಾ ಮಾಡಿದೆ. ಉಡುಪಿಯ ಒಂದು ಅಂಗಡಿಯಲ್ಲಿ 8 ವರ್ಷ ಲೆಕ್ಕ ಬರೆದಿದ್ದೆ. ಒಂದು ದಿನ ಬಸ್ಸಿನ ಕಿಟಕಿಯಿಂದ ಫ್ಲೆಕ್ಸ್ ಕಂಡಿತು, 6 ತಿಂಗಳಲ್ಲಿ ಕ್ಲೌಡ್ ಎಂಜಿನಿಯರ್ ಅಂತ. ಕ್ಲೌಡ್ ಅಂದರೆ ಕಂಪನಿಗಳು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವ ಕಂಪ್ಯೂಟರುಗಳು. ಮರುದಿನವೇ ಹೋದೆ. ಅಲ್ಲಿ ಕೌನ್ಸೆಲರ್ ಅಂತ ಕೂತಿದ್ದವರು ಇವತ್ತೇ ಕಟ್ಟಿದರೆ 10 ಸಾವಿರ ಕಡಿಮೆ ಮಾಡುತ್ತೇವೆ ಅಂದರು, ನಾನು 38 ಸಾವಿರ ಕಟ್ಟಿ ಬಂದೆ. ನಾಲ್ಕು ತಿಂಗಳಲ್ಲಿ ಮೂರು ಜನ ಮೇಷ್ಟ್ರು ಬದಲಾದರು. ಕೊನೆಗೆ ಕೈಗೆ ಬಂದದ್ದು ಆ ಸಂಸ್ಥೆಯೇ ಪ್ರಿಂಟ್ ಹಾಕಿದ ಸರ್ಟಿಫಿಕೇಟ್, ಅಸಲಿ ಪರೀಕ್ಷೆ ಬೇರೆ ಉಂಟು, ಅದರ ಫೀಸೂ ಬೇರೆ ಅಂತ ಗೊತ್ತಾದದ್ದೇ ಆವತ್ತು. ಆ ದುಡ್ಡು ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ತಂದದ್ದು. ಇನ್ನೊಬ್ಬರ ಮನೆಯಲ್ಲಿ ಹಾಗೆ ಆಗಬಾರದು ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹಾಗಾಗಿ ಮೊದಲು ಇದು ತಿಳಿದಿರಲಿ. ಸರ್ಟಿಫಿಕೇಟ್ ಕೊಡುವವರು ಸಿಸ್ಕೊ, ಎಡಬ್ಲ್ಯುಎಸ್ (ಅಮೆಜಾನಿನ ಕ್ಲೌಡ್ ವಿಭಾಗ), ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕಾಂಪ್‌ಟಿಯಾದಂಥವರು. ಪರೀಕ್ಷೆಯನ್ನು ಹೆಚ್ಚಾಗಿ ಪರೀಕ್ಷಾ ಕೇಂದ್ರ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಮೂಲಕ ನಡೆಸುತ್ತಾರೆ. ನಮ್ಮ ಪೇಟೆಯ ಇನ್‌ಸ್ಟಿಟ್ಯೂಟ್ ಪಾಠ ಮಾತ್ರ ಹೇಳುತ್ತದೆ. ಪಾಠಕ್ಕೆ ಹೋಗದೆಯೂ ನೀವು ಪರೀಕ್ಷೆ ಬರೆಯಬಹುದು. ಸಿಸ್ಕೊದ ಸಿಸಿಎನ್‌ಎ (ನೆಟ್‌ವರ್ಕಿಂಗ್, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ) ಪರೀಕ್ಷೆಗೆ 300 ಡಾಲರ್, ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟಿಷನರ್‌ಗೆ 100, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ಗೆ 150, ಮೇಲೆ ತೆರಿಗೆ. ಕೋರ್ಸಿನ ಫೀಸಿನಲ್ಲಿ ಇದು ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಯಾವುದನ್ನು ಆರಿಸುವುದು? ನಿಮ್ಮ ಹಳೆಯ ಕೆಲಸವನ್ನು ಎಸೆಯಬೇಡಿ, ನಾನು ಹೇಳುವುದರಲ್ಲಿ ಇದೇ ಮುಖ್ಯ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಇಷ್ಟೂ ಬ್ಯಾಂಕ್ ಹುಟ್ಟಿದ್ದು ನಮ್ಮ ಈ ಎರಡು ಜಿಲ್ಲೆಗಳಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ, ಸೊಸೈಟಿಯಲ್ಲಿ, ಆಡಿಟರ್ ಆಫೀಸಿನಲ್ಲಿ ಕೂತು ಕೆಲಸ ಮಾಡಿದವರು ಇಲ್ಲಿ ಮನೆಗೊಬ್ಬರು. ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡುವವರಿಗೆ ಬಡ್ಡಿ ಹೇಗೆ ಬೀಳುತ್ತದೆ, ದಿನದ ಕೊನೆಗೆ ಲೆಕ್ಕ ಯಾಕೆ ತಾಳೆ ಆಗುವುದಿಲ್ಲ ಅಂತ ಗೊತ್ತಿರುವ ಟೆಸ್ಟರ್, ಅಂದರೆ ಸಾಫ್ಟ್‌ವೇರಿನ ತಪ್ಪು ಹುಡುಕುವವರು ಬೇಕು. ಅಂಥವರು ಟೆಸ್ಟಿಂಗಿನ ಐಎಸ್‌ಟಿಕ್ಯೂಬಿ ಫೌಂಡೇಶನ್ ಸರ್ಟಿಫಿಕೇಟ್ ಮಾಡಿಕೊಳ್ಳಬಹುದು. 40 ಪ್ರಶ್ನೆ, 60 ನಿಮಿಷ, 26 ಸರಿಯಾದರೆ ಪಾಸ್, ಮತ್ತೆ ರಿನ್ಯೂ ಮಾಡುವ ಗೋಜಿಲ್ಲ. ಗಲ್ಫ್‌ನಲ್ಲಿ ಎಲೆಕ್ಟ್ರಿಕಲ್ ಅಥವಾ ಸಿಸಿಟಿವಿ ಕೆಲಸ ಮಾಡಿ ವಾಪಸ್ ಬಂದವರಿಗೆ ಕೇಬಲ್, ಪ್ಯಾನೆಲ್ ಎಲ್ಲ ಕೈಗೆ ಪಳಗಿರುತ್ತದೆ, ಅವರಿಗೆ ನೆಟ್‌ವರ್ಕಿಂಗ್, ಅಂದರೆ ಸಿಸಿಎನ್‌ಎ ಹತ್ತಿರ. ಮೊಬೈಲ್, ಕಂಪ್ಯೂಟರ್ ರಿಪೇರಿ ಮಾಡಿದವರಿಗೆ ಕಾಂಪ್‌ಟಿಯಾದ ಎ ಪ್ಲಸ್. ಲಿನಕ್ಸ್ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇಷ್ಟವಾದರೆ ರೆಡ್ ಹ್ಯಾಟಿನ ಆರ್‌ಎಚ್‌ಸಿಎಸ್‌ಎ ಉಂಟು, ಅದರಲ್ಲಿ ಟಿಕ್ ಹಾಕುವ ಪ್ರಶ್ನೆಗಳೇ ಇಲ್ಲ, ಮೆಷಿನ್ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು.

ಒಂದು ಎಚ್ಚರಿಕೆ. ಸೈಬರ್ ಸೆಕ್ಯುರಿಟಿ ಅಂದರೆ ಈಗ ಎಲ್ಲರಿಗೂ ಆಸೆ. ಆದರೆ ಸಿಐಎಸ್‌ಎಸ್‌ಪಿ ಅನ್ನುವ ಮೇಲಿನ ಹಂತದ ಸೆಕ್ಯುರಿಟಿ ಸರ್ಟಿಫಿಕೇಟ್ ಪೂರ್ತಿ ಸಿಗಬೇಕಾದರೆ ಅದೇ ಕ್ಷೇತ್ರದಲ್ಲಿ 5 ವರ್ಷದ ಅನುಭವ ತೋರಿಸಬೇಕು, ಡಿಗ್ರಿ ಇದ್ದರೆ ಒಂದು ವರ್ಷ ರಿಯಾಯಿತಿ. ಹೊಸಬರಿಗೆ ಅದನ್ನೇ ಮೊದಲ ಕೋರ್ಸ್ ಅಂತ ಮಾರಲು ಬಂದರೆ ಎದ್ದು ಬನ್ನಿ. ಸೆಕ್ಯುರಿಟಿಗೆ ಹೋಗುವವರೂ ನೆಟ್‌ವರ್ಕಿಂಗ್ ಕಲಿತೇ ಹೋಗಬೇಕು.

ಯಾವ ಸರ್ಟಿಫಿಕೇಟ್ ಅಂತ ಗಟ್ಟಿಯಾಯಿತು ಅಂದುಕೊಳ್ಳಿ. ಆಗಲೂ ದುಡ್ಡು ಕಟ್ಟಬೇಡಿ, 15 ದಿನ ಸುಮ್ನೆ ಮನೆಯಲ್ಲೇ ಕಲಿತು ನೋಡಿ. ಮೈಕ್ರೋಸಾಫ್ಟ್ ಲರ್ನ್ ಪೂರ್ತಿ ಉಚಿತ. ಎಡಬ್ಲ್ಯುಎಸ್ ಸ್ಕಿಲ್ ಬಿಲ್ಡರ್‌ನಲ್ಲಿ ಉಚಿತ ಪಾಠಗಳು ತುಂಬ ಉಂಟು. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಇಳಿಸಿಕೊಂಡರೆ ಲ್ಯಾಪ್‌ಟಾಪಿನಲ್ಲೇ ರೂಟರ್, ಸ್ವಿಚ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಗಳು) ಜೋಡಿಸಿ ಆಡಬಹುದು. ನನ್ನ ಎರಡನೇ ಪ್ರಯತ್ನ ಶುರುವಾದದ್ದು ಹಾಗೆ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುವಾಗ ಟಿಕೆಟಿನ ಹಿಂದೆ ಸಬ್‌ನೆಟ್ ಲೆಕ್ಕ, ಅಂದರೆ ನೆಟ್‌ವರ್ಕಿನ ವಿಳಾಸಗಳನ್ನು ಪಾಲು ಮಾಡುವ ಲೆಕ್ಕ, ಮಾಡುತ್ತಿದ್ದೆ. 192.168.10.0, ಸ್ಲ್ಯಾಶ್ 26. ಅಂದರೆ 256 ವಿಳಾಸವನ್ನು ನಾಲ್ಕು ಪಾಲು ಮಾಡಿದ ಹಾಗೆ, ಪಾಲಿಗೆ 64, ಅದರಲ್ಲಿ ಮೊದಲಿನದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ (ಎಲ್ಲ ಮೆಷಿನ್‌ಗೂ ಒಟ್ಟಿಗೆ ಕಳಿಸಲು), ಉಳಿದ 62 ಮೆಷಿನ್‌ಗಳಿಗೆ. ಮೊದಲ ದಿನ ಪಡುಬಿದ್ರಿ ದಾಟಿದರೂ ಒಂದು ಲೆಕ್ಕ ಮುಗಿಯಲಿಲ್ಲ. ಎರಡನೇ ವಾರ ಕಾಪು ಬರುವುದರೊಳಗೆ ನಾಲ್ಕು ಮಾಡಿ ಮುಗಿಸಿದೆ. ಅಂಥ ಖುಷಿ ನಿಮಗೆ 15 ದಿನದಲ್ಲಿ ಒಮ್ಮೆಯೂ ಸಿಗದಿದ್ದರೆ ಬೇರೆ ವಿಷಯ ನೋಡಿ, ನಷ್ಟವೇನೂ ಆಗಿಲ್ಲ ಅಲ್ವಾ?

ಅದೇ 15 ದಿನದಲ್ಲಿ ಇನ್ನೊಂದೂ ತಿಳಿಯುತ್ತದೆ, ನಿಮಗೆ ಮೇಷ್ಟ್ರು ಬೇಕಾ ಬೇಡವಾ ಅಂತ. ಒಬ್ಬರೇ ಕೂತು ಓದುವ ಅಭ್ಯಾಸ ಇರುವವರಿಗೆ ಪರೀಕ್ಷೆಯ ಫೀಸು ಸಾಕು. ವಾರದಲ್ಲಿ ಎರಡು ದಿನ ಕೂಡ ಕೂರಲು ಆಗಲಿಲ್ಲ ಅಂದರೆ ಕ್ಲಾಸ್ ಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕ್ಲಾಸ್ ಬೇಕು ಅಂತಾದರೆ ಡೆಮೊ ಕ್ಲಾಸ್ ನೋಡಿ ಮರುಳಾಗಬೇಡಿ. ಡೆಮೊಗೆ ಅವರ ಬಳಿ ಇರುವ ಅತಿ ಒಳ್ಳೆಯ ಮೇಷ್ಟ್ರೇ ಬರುತ್ತಾರೆ. ಈಗ ನಡೆಯುತ್ತಿರುವ ಬ್ಯಾಚಿನಲ್ಲಿ ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಅಂತ ಕೇಳಿ. ನಮಗೆ ಪಾಠ ಹೇಳುವವರ ಹೆಸರೇನು, ಅವರು ಆ ಕೆಲಸ ಮಾಡಿದ್ದಾರಾ, ಅವರದೇ ಸರ್ಟಿಫಿಕೇಟ್ ಈಗಲೂ ಚಾಲ್ತಿಯಲ್ಲಿ ಇದೆಯಾ ಕೇಳಿ. ಸರ್ಟಿಫಿಕೇಟ್‌ಗಳ ಡಿಜಿಟಲ್ ಬ್ಯಾಡ್ಜ್ ಇರುವ ಕ್ರೆಡ್ಲಿ ಸೈಟಿನಲ್ಲಿ ಬ್ಯಾಡ್ಜ್ ತೋರಿಸಿ ಅಂದರೆ ನಿಜವಾಗಿ ಇದ್ದವರು ಒಂದೇ ನಿಮಿಷದಲ್ಲಿ ಫೋನ್ ತೆಗೆದು ತೋರಿಸುತ್ತಾರೆ.

ಆಮೇಲೆ ಲ್ಯಾಬಿಗೆ ಹೋಗಿ. ಇದನ್ನು ಬಿಡಲೇಬೇಡಿ. ಎರಡನೇ ಸಲ ನಾನು ನೋಡಲು ಹೋದ ಒಂದು ಕಡೆ ಗಾಜಿನ ಕಪಾಟಿನಲ್ಲಿ ರೂಟರ್ ಎರಡು, ಸ್ವಿಚ್ ಒಂದು ಚಂದ ಜೋಡಿಸಿ ಇಟ್ಟಿದ್ದರು. ಆನ್ ಮಾಡಿ ತೋರಿಸ್ತೀರಾ ಅಂತ ಕೇಳಿದೆ. ಪವರ್ ಕೇಬಲ್ ಹುಡುಕಲು ಹತ್ತು ನಿಮಿಷ ಹೋಯಿತು, ಸಿಗಲಿಲ್ಲ. ಸ್ವಿಚ್ಚಿನ ಮೇಲೆ ಬೆರಳು ಇಟ್ಟರೆ ಧೂಳಿನಲ್ಲಿ ಗುರುತು ಮೂಡಿತು. ಕೊನೆಗೆ ನಾನು ಸೇರಿದ ಜಾಗದಲ್ಲಿ ಹಳೆಯ ಸ್ವಿಚ್ ಒಂದೇ ಇದ್ದದ್ದು, ಆದರೆ ಅದರ ಹಸಿರು ದೀಪಗಳು ಮಿನುಗುತ್ತಿದ್ದವು, ಇಬ್ಬರು ಹುಡುಗಿಯರು ಕನ್ಸೋಲ್ ಕೇಬಲ್ ಹಾಕಿ ವಿಎಲ್ಎಎನ್ (ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ನೆಟ್‌ವರ್ಕ್) ಮಾಡುತ್ತಿದ್ದರು, ತಪ್ಪಾದಾಗ ಮೇಷ್ಟ್ರು ಕೀಬೋರ್ಡ್ ಮುಟ್ಟದೆ ಮತ್ತೊಮ್ಮೆ ಓದಿ ನೋಡಿ ಅಂತಷ್ಟೇ ಹೇಳಿದರು. ನಾನು ಅವತ್ತೇ ತೀರ್ಮಾನ ಮಾಡಿದೆ.

ಪಾಠ ಹೊಸದಾ ಹಳೆಯದಾ ಅಂತ ತಿಳಿಯಲು ಪರೀಕ್ಷೆಯ ಕೋಡ್ ಕೇಳಿ. ಸಿಸಿಎನ್‌ಎ ಆದರೆ 200-301. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್‌ನ 701 ಬಂದದ್ದು 2023ರ ನವೆಂಬರಿನಲ್ಲಿ. ಎಡಬ್ಲ್ಯುಎಸ್ ಆರ್ಕಿಟೆಕ್ಟ್ ಅಸೋಸಿಯೇಟ್ 2022ರಲ್ಲೇ ಸಿ03 ಆಗಿದೆ, ಇನ್ನೂ ಸಿ02 ನೋಟ್ಸ್ ಹಿಡಿದು ಪಾಠ ಮಾಡುತ್ತಿದ್ದರೆ ಅಲ್ಲಿ ಯಾರೂ ಹೊಸದನ್ನು ಓದಿಲ್ಲ ಅಂತ ಅರ್ಥ. ಸೇರುವ ದಿನ ಆಯಾ ಕಂಪನಿಯ ವೆಬ್‌ಸೈಟಿನಲ್ಲಿ ಈಗಿನ ಕೋಡ್ ನೀವೇ ನೋಡಿಕೊಳ್ಳಿ. ಮತ್ತೆ, ಪರೀಕ್ಷೆಯ ಅಸಲಿ ಪ್ರಶ್ನೆಗಳನ್ನೇ ಕೊಡುತ್ತೇವೆ, ಡಂಪ್ಸ್ ಉಂಟು ಅಂತ ಯಾರಾದರೂ ಹೇಳಿದರೆ ಖುಷಿ ಪಡಬೇಡಿ ಮಾರಾಯ್ರೆ. ಗೊತ್ತಾದರೆ ಕಂಪನಿಯವರು ಸರ್ಟಿಫಿಕೇಟನ್ನೇ ರದ್ದು ಮಾಡುತ್ತಾರೆ. ರದ್ದಾಗದಿದ್ದರೂ ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪ್ಲೇಸ್‌ಮೆಂಟ್ ವಿಷಯಕ್ಕೆ ಬಂದರೆ, ಗೋಡೆಯ ಮೇಲಿನ ಫೋಟೋಗಳನ್ನು ನಂಬಬೇಡಿ. ಹೋದ ಎರಡು ಬ್ಯಾಚಿನಲ್ಲಿ ಕಲಿತವರ ಪೈಕಿ ಇಬ್ಬರ ಹತ್ತಿರ ಮಾತಾಡಿಸಿ ಅಂತ ಕೇಳಿ. ಬೇರೆ ಕೆಲಸ ಬಿಟ್ಟು ಬಂದವರೇ ಆಗಿರಲಿ, ಯಾಕೆಂದರೆ 22ರ ಬಿಇ ಹುಡುಗನಿಗೆ ಸಿಕ್ಕಿದ ದಾರಿ 35ರ ನಿಮಗೆ ಸಿಗುತ್ತದೆ ಅಂತೇನಿಲ್ಲ. ಮೊದಲ ಸಂಬಳ ಈಗಿನದಕ್ಕಿಂತ ಕಡಿಮೆ ಇರಬಹುದು, ಅದನ್ನು ಮನೆಯವರ ಹತ್ತಿರ ಮೊದಲೇ ಕೂತು ಮಾತಾಡಿ.

ದುಡ್ಡು ಕಂತಿನಲ್ಲಿ ಕಟ್ಟಿ. ಹೇಳಿದ ಫೀಸಿನಲ್ಲಿ ಜಿಎಸ್‌ಟಿ ಸೇರಿದೆಯಾ ನೋಡಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅಂತ ರಸೀದಿಯ ಜೊತೆ ಬರೆಸಿಕೊಳ್ಳಿ. ಬಡ್ಡಿಯಿಲ್ಲದ ಇಎಂಐ ಅಂದರೆ ತುಂಬ ಸಲ ಅದು ಫೈನಾನ್ಸ್ ಕಂಪನಿಯೊಂದು ನಿಮ್ಮ ಹೆಸರಿಗೆ ಕೊಡುವ ಸಾಲ. ಕ್ಲಾಸ್ ನಿಂತರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರ್ ಹಾಳಾಗುತ್ತದೆ. ಸಹಿ ಹಾಕುವ ಮೊದಲು ಸಾಲ ಕೊಡುವವರು ಯಾರು ಅಂತ ಓದಿ. ಕಟ್ಟಿದ ಮೇಲೆ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆಗ ಕೈಯಲ್ಲಿ ಇರಬೇಕಾದ್ದು ಆ ಬರಹವೇ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಒಂದು ಮಾತು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ತಾಯ್ನುಡಿ ಅಲ್ಲದವರಿಗೆ ಎಡಬ್ಲ್ಯುಎಸ್ ಪರೀಕ್ಷೆಯಲ್ಲಿ 30 ನಿಮಿಷ ಜಾಸ್ತಿ ಕೊಡುತ್ತಾರೆ, ಆದರೆ ಪರೀಕ್ಷೆ ಬುಕ್ ಮಾಡುವ ಮೊದಲೇ ಅವರ ಸೈಟಿನಲ್ಲಿ ಕೇಳಿಕೊಂಡಿರಬೇಕು. ಐಎಸ್‌ಟಿಕ್ಯೂಬಿಯಲ್ಲೂ 60ರ ಬದಲು 75 ನಿಮಿಷ ಸಿಗುತ್ತದೆ.

ಪರೀಕ್ಷೆಯನ್ನು ಮನೆಯಿಂದ ಬರೆಯಬಹುದು, ಆದರೂ ಸೆಂಟರಿಗೆ ಹೋಗಿ ಬರೆಯಿರಿ ಅಂತಲೇ ನಾನು ಹೇಳುವುದು. ಮನೆಯಿಂದ ಬರೆಯುವಾಗ ಕೋಣೆಗೆ ಬೇರೆ ಯಾರೂ ಬರಬಾರದು, ಕ್ಯಾಮೆರಾ ಪೂರ್ತಿ ಹೊತ್ತು ಆನ್ ಇರುತ್ತದೆ. ಜುಲೈಯಲ್ಲಿ ನಮ್ಮಲ್ಲಿ ಗಾಳಿಮಳೆಗೆ ತೆಂಗಿನ ಗರಿ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ತಾರೀಕು ಗೊತ್ತುಮಾಡಿಕೊಂಡ ಮೇಲೆ ಹೆದರಿಕೆ ಆದರೆ, ಎಡಬ್ಲ್ಯುಎಸ್‌ನಲ್ಲಿ 24 ಗಂಟೆ ಮೊದಲಿನವರೆಗೂ ಮುಂದೆ ಹಾಕಬಹುದು, ಎರಡು ಸಲ.