ಪ್ಯಾಕ್ಸಿಲಿನ್ ಹೆಚ್ಚಿಸಿದೆ, ಜೀವಕೋಶ ನಿಂತೇಬಿಟ್ಟಿತು: ನನ್ನ ಅನುಭವ

ಜೀವಕೋಶಗಳ ಚಲನೆಯನ್ನು ಅಭ್ಯಾಸ ಮಾಡಲು ನಾನು ಆರಿಸಿಕೊಂಡ ಪ್ರೋಟೀನ್ ಪ್ಯಾಕ್ಸಿಲಿನ್. ಕೋಶವು ತನ್ನ ಕೆಳಗಿನ ನೆಲವನ್ನು ಹಿಡಿದುಕೊಳ್ಳುವ ಫೋಕಲ್ ಅಡ್ಹೀಶನ್‌ಗಳಲ್ಲಿ ಇದು ನೆಲೆಸಿರುತ್ತದೆ. ಸ್ವತಃ ಇದು ಕಿಣ್ವವಲ್ಲ; ಕಟ್ಟಡಕ್ಕೆ ಕಟ್ಟುವ ಸಾರುವೆಯಂತೆ, ಕೆಲಸ ಮಾಡುವವರಿಗೆ ನಿಲ್ಲಲು ಜಾಗ ಕೊಡುವ ಸ್ಕ್ಯಾಫೋಲ್ಡ್ ಪ್ರೋಟೀನ್. ಎಫ್‌ಎಕೆ ಮತ್ತು ಸಾರ್ಕ್ ಎಂಬ ಕೈನೇಸ್‌ಗಳು (ಫಾಸ್ಫೇಟ್ ಅಂಟಿಸುವ ಕಿಣ್ವಗಳು) ಇದರ ಸರಪಳಿಯ 31 ಮತ್ತು 118ನೆಯ ಸ್ಥಾನದ ಅಮೈನೊ ಆಮ್ಲಗಳಾದ ಟೈರೋಸಿನ್‌ಗಳಿಗೆ ಫಾಸ್ಫೇಟ್ ಸೇರಿಸಿದಾಗ ಅಲ್ಲಿಗೆ ಕ್ರ್ಕ್ ಎಂಬ ಪ್ರೋಟೀನ್ ಬಂದು ಅಂಟಿಕೊಳ್ಳುತ್ತದೆ, ಅದರ ಜೊತೆಗಾರ ಡಾಕ್180, ಕೋಶದೊಳಗೆ ಸ್ವಿಚ್‌ನಂತೆ ಕೆಲಸ ಮಾಡುವ ಪ್ರೋಟೀನ್ ಆದ ರ‍್ಯಾಕ್ ಅನ್ನು ಚುರುಕುಗೊಳಿಸುತ್ತದೆ. ರ‍್ಯಾಕ್ ಚುರುಕಾದರೆ ಕೋಶದ ಅಂಚು ಅಲೆಯಂತೆ ಏಳುತ್ತದೆ, ಅದೇ ಬಗೆಯ ರೋ ಚುರುಕಾದರೆ ಒಳಗೆ ಬಿಗಿ ಎಳೆಗಳು ಮೂಡುತ್ತವೆ ಎಂಬುದನ್ನು ವಿಜ್ಞಾನಿಗಳಾದ ಆನ್ ರಿಡ್ಲಿ ಮತ್ತು ಅಲನ್ ಹಾಲ್ 1992ರಲ್ಲಿಯೇ ತೋರಿಸಿದ್ದರು. ಹಾಗಾಗಿ ಪ್ಯಾಕ್ಸಿಲಿನ್ ಹೆಚ್ಚಿದಷ್ಟೂ ಕೋಶ ಬೇಗ ಚಲಿಸಬೇಕೆಂದು ನಾನು ನಂಬಿದ್ದೆ.

ಮೊದಲು ಮಾಡಿದ್ದು ಗೀರು ಪರೀಕ್ಷೆ. ತಟ್ಟೆಯ ತುಂಬ ಬೆಳೆದ ಫೈಬ್ರೊಬ್ಲಾಸ್ಟ್‌ಗಳ (ಅಂಗಾಂಶಗಳನ್ನು ಹಿಡಿದಿಡುವ ಜಾಲವನ್ನು ಕಟ್ಟುವ ಕೋಶಗಳ) ಪದರದ ಮೇಲೆ ಪಿಪೆಟ್ ತುದಿಯಿಂದ ಗೆರೆ ಎಳೆದು, ಅದು ಮುಚ್ಚಿಕೊಳ್ಳುವುದನ್ನು 24 ಗಂಟೆ ನೋಡಿದೆ. ಫಲಿತಾಂಶ ಪ್ರತಿ ಸಲವೂ ಬೇರೆ ಬಂದಿತು. ಕೋಶಗಳು ವಿಭಜನೆಗೊಂಡೂ ಅಂತರ ತುಂಬುತ್ತದೆ, ಗೀರಿದಾಗ ಕೆಳಗಿನ, ಕೋಶಗಳು ಹಿಡಿದುಕೊಳ್ಳುವ ಪ್ರೋಟೀನ್ ಆದ ಫೈಬ್ರೊನೆಕ್ಟಿನ್‌ನ ಲೇಪವೂ ಕಿತ್ತುಹೋಗಬಹುದು. ಇವೆರಡನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಮೇಲೆ ಫೈಬ್ರೊನೆಕ್ಟಿನ್ ಬಳಿದ ಗಾಜಿನ ಮೇಲೆ ಕೋಶಗಳನ್ನು ವಿರಳವಾಗಿ ಬಿತ್ತಿ, ಒಂದೊಂದರ ಹಾದಿಯನ್ನು 10 ನಿಮಿಷಕ್ಕೊಂದು ಚಿತ್ರದಂತೆ ಹಿಂಬಾಲಿಸತೊಡಗಿದೆ.

ಒಂದು ಪ್ರೋಟೀನ್ ತಯಾರಾಗದಂತೆ ತಡೆಯುವ ಚಿಕ್ಕ ಆರ್‌ಎನ್‌ಎಯಾದ ಎಸ್‌ಐಆರ್‌ಎನ್‌ಎ ಬಳಸಿ ಪ್ಯಾಕ್ಸಿಲಿನ್ ಇಳಿಸಿದಾಗ, ನಿರೀಕ್ಷಿಸಿದಂತೆಯೇ, ಚಲನೆ ಕುಂಠಿತವಾಯಿತು. ಆದರೆ ಆ ಎಸ್‌ಐಆರ್‌ಎನ್‌ಎಗೆ ಸಿಗದಂತೆ ಬದಲಿಸಿದ, ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಜೋಡಿಸಿದ ಪ್ಯಾಕ್ಸಿಲಿನ್ ಅನ್ನು ಮರಳಿ ಕೊಟ್ಟಾಗಲೂ ಸರಾಸರಿ ವೇಗ ಮೇಲೇಳಲಿಲ್ಲ. ಕೋಶಗಳನ್ನೆಲ್ಲ ಅರೆದು ಪ್ರೋಟೀನ್ ಪ್ರಮಾಣವನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ಯಾಕ್ಸಿಲಿನ್ ಮೊತ್ತ ಸಾಮಾನ್ಯ ಕೋಶಗಳಷ್ಟೇ ಕಾಣುತ್ತಿತ್ತು. ಕೆಲವು ವಾರ ನಾನು ಆ ಪಟ್ಟಿಯನ್ನೇ ನಂಬಿ ಕುಳಿತೆ.

ಉತ್ತರ ಸಿಕ್ಕಿದ್ದು ಟರ್ಫ್ ಸೂಕ್ಷ್ಮದರ್ಶಕದಲ್ಲಿ. ಅದು ಗಾಜಿಗೆ ತಾಗಿರುವ ಸುಮಾರು 100ರಿಂದ 200 ನ್ಯಾನೊಮೀಟರ್ ಪದರವನ್ನಷ್ಟೇ ಬೆಳಗಿಸುತ್ತದೆ. ಒಂದೇ ನೋಟದಲ್ಲಿ ಎರಡು ಕೋಶಗಳು ಅಕ್ಕಪಕ್ಕ ಇದ್ದವು. ಒಂದು ಕೋಶ, ಒಳಗೆ ಪ್ಯಾಕ್ಸಿಲಿನ್ ತುಂಬಿದ್ದರಿಂದ, ಕಣ್ಣು ಕೋರೈಸುವಷ್ಟು ಹೊಳೆಯುತ್ತಿತ್ತು. ಅದರ ಅಡ್ಹೀಶನ್‌ಗಳು ದಪ್ಪನಾಗಿ, ಉದ್ದುದ್ದವಾಗಿದ್ದು ಕರಗುತ್ತಲೇ ಇರಲಿಲ್ಲ, ಬಾಲದ ತುದಿ ಗಾಜಿಗೆ ಅಂಟಿಕೊಂಡು ಕೋಶವೇ ತಂತಿಯಂತೆ ಎಳೆದುಕೊಂಡಿತ್ತು. ಇನ್ನೊಂದು ಮಂಕಾಗಿತ್ತು, ಅದರ ಮುಂಚೂಣಿಯಲ್ಲಿ ಸಣ್ಣ ಚುಕ್ಕೆಗಳು ಹುಟ್ಟಿ, ಕೆಲವೇ ನಿಮಿಷಗಳಲ್ಲಿ ಕರಗಿ, ಮುಂದೆ ಹೊಸವು ಹುಟ್ಟುತ್ತಿದ್ದವು. ಬ್ಲಾಟ್ ಇವೆರಡನ್ನೂ ಅರೆದು ಒಂದೇ ಸರಾಸರಿಯಾಗಿ ತೋರಿಸಿತ್ತು.

ಸ್ಕ್ಯಾಫೋಲ್ಡ್ ಮಿತಿಮೀರಿದರೆ ಎಫ್‌ಎಕೆ ಒಂದು ಅಣುವಿನ ಮೇಲೆ, ಅದರೊಡನೆ ಕೂಡಬೇಕಾದ ಪ್ರೋಟೀನ್ ಮತ್ತೊಂದರ ಮೇಲೆ ಕುಳಿತು, ಅವು ಸಂಧಿಸುವ ಅವಕಾಶವೇ ತಪ್ಪಿಹೋಗುತ್ತದೆ ಎಂಬ ತರ್ಕ ನನಗೆ ಆಗ ಅರ್ಥಪೂರ್ಣವಾಗಿ ಕಂಡಿತು. ಪ್ರಬಲವಾದ ಸಿಎಂವಿ ಪ್ರವರ್ತಕದ (ಪ್ರೋಟೀನ್ ಎಷ್ಟು ತಯಾರಾಗಬೇಕೆಂದು ನಿರ್ಧರಿಸುವ ಡಿಎನ್‌ಎ ತುಣುಕಿನ) ಬದಲು ಅದರ ಮೊಟಕುಗೊಳಿಸಿದ, ದುರ್ಬಲ ರೂಪವನ್ನು ಬಳಸಿದೆ, ಪ್ರತಿ ಕೋಶದ ಹೊಳಪನ್ನು ಅದರ ವೇಗದ ಎದುರಿಗೆ ಇಟ್ಟು ನಕ್ಷೆ ಬಿಡಿಸಿದೆ. ಮಂಕು ಕೋಶಗಳ ವೇಗ ಸಾಮಾನ್ಯ ಮಟ್ಟಕ್ಕೆ ಮರಳಿತ್ತು, ಹೊಳಪು ಏರಿದಂತೆ ವೇಗ ಕುಸಿದಿತ್ತು. ಅಷ್ಟಕ್ಕೇ ನಾನು ಬಿಡಲಿಲ್ಲ. 31 ಮತ್ತು 118ನೆಯ ಟೈರೋಸಿನ್‌ಗಳ ಜಾಗದಲ್ಲಿ ಫಾಸ್ಫೇಟ್ ಸೇರಲಾಗದ ಫಿನೈಲ್‌ಅಲನಿನ್ ಇಟ್ಟ ಪ್ಯಾಕ್ಸಿಲಿನ್ ಅನ್ನು ಅದೇ ಮಂಕು ಮಟ್ಟದಲ್ಲಿ ಕೊಟ್ಟು ನೋಡಿದೆ. ಅಡ್ಹೀಶನ್‌ಗಳು ಹುಟ್ಟುತ್ತಿದ್ದವು, ಆದರೆ ಬೇಗ ಕರಗುತ್ತಿರಲಿಲ್ಲ, ಕೋಶವೂ ನಿಧಾನವಾಗಿಯೇ ಉಳಿಯಿತು.