ಪಾಠದಲ್ಲಿ ಬರೆಯದೇ ಇರುವುದನ್ನು ಮಕ್ಕಳಿಂದ ಓದಿಸುವುದು ಹೇಗೆ?

ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಬಹಳಷ್ಟು ತರಗತಿಗಳಲ್ಲಿ ಉತ್ತರ ಬರೆಯುವುದು ಅಂದರೆ ಇಷ್ಟೇ. ‘ಅವಳು ಹಾಗೆ ಯಾಕೆ ಮಾಡಿರಬಹುದು?’ ಎಂದು ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಊಹಿಸಿ ಓದುವುದನ್ನೂ ಕಲಿಸಬೇಕು, ಅದು ತಾನಾಗೇ ಬರುವುದಿಲ್ಲ.

1. ಮೊದಲು ಗೈಡ್‌ಗಳನ್ನು ಚೀಲದೊಳಗೆ ಹಾಕಿಸಿ. ಊಹೆಯ ಪ್ರಶ್ನೆಗೂ ಸಿದ್ಧ ಉತ್ತರ ಕೊಡುವ ಪುಸ್ತಕದಿಂದ ಏನು ಉಪಯೋಗ?

2. ಬೋರ್ಡಿನ ಮೇಲೆ ನಾಲ್ಕೇ ಸಾಲು ಬರೆಯಿರಿ. ಊರಿನ ವಿಷಯವೇ ಇರಲಿ.

‘ಮಲ್ಲಮ್ಮ ಆಡುಗಳನ್ನು ಪಕ್ಕದ ಮನೆಯ ಅಂಗಳದಲ್ಲಿ ಕಟ್ಟಿದಳು. ಖಡಕ್ ರೊಟ್ಟಿಯ ಗಂಟು ಬಗಲಿಗೆ ಹಾಕಿಕೊಂಡಳು. ಮಗನ ಪಾಟಿಚೀಲ ಗೂಟದಲ್ಲೇ ಇತ್ತು. ತಾಯಿ ಮಗ ಯಾದಗಿರಿ ಸ್ಟೇಷನ್ನಿಗೆ ಹೋಗುವ ಟಂಟಂ ಹತ್ತಿದರು.’

3. ‘ಎಲ್ಲಿಗೆ ಹೊರಟರು? ಎಷ್ಟು ದಿನಕ್ಕೆ?’ ಎಂದು ಕೇಳಿ, ಸುಮ್ನೆ ನಿಲ್ಲಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು. ನೀವು ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

4. ಕೆಡುವುದು ಇಲ್ಲಿ. ‘ಬೆಂಗಳೂರಿಗೆ ದುಡಿಲಾಕ ಹೊಂಟಾರ್ರಿ ಸರ್’ ಎಂದು ಒಬ್ಬ ಹೇಳುತ್ತಾನೆ. ಸರ್ ‘ಶಭಾಷ್’ ಅಂದರೆ ಮುಗಿಯಿತು, ಉಳಿದವರು ಅದನ್ನೇ ಬರೆದುಕೊಳ್ಳುತ್ತಾರೆ. ಶಭಾಷ್ ಬೇಡ. ‘ಯಾವ ಸಾಲು ನೋಡಿ ಹಂಗಂದಿ?’ ಎಂದು ಕೇಳಿ. ಅವನು ರೊಟ್ಟಿಯ ಸಾಲು ತೋರಿಸಿದರೆ, ‘ಆ ರೊಟ್ಟಿ ಬಗ್ಗೆ ನಿನಗೇನು ಗೊತ್ತದ?’ ಅನ್ನಿ. ‘ವಾರಗಟ್ಲೆ ಕೆಡಂಗಿಲ್ರಿ.’

ಈಗ ಬೋರ್ಡಿನಲ್ಲಿ ಮೂರು ಕಾಲಂ ಹಾಕಿ. ಪಾಠ ಹೇಳಿದ್ದು: ಖಡಕ್ ರೊಟ್ಟಿ. ನನಗೆ ಗೊತ್ತಿದ್ದು: ಬಹಳ ದಿನ ಇರುತ್ತದೆ. ಹಾಗಾದರೆ: ಬೇಗ ವಾಪಸ್ ಬರುವುದಿಲ್ಲ. ಬೆಂಗಳೂರು ಎಲ್ಲಿಂದ ಬಂತು? ಯಾವ ಸಾಲಿನಲ್ಲೂ ಇಲ್ಲ. ಯಾದಗಿರಿಯಿಂದ ಮುಂಬೈಗೂ ರೈಲು ಇದೆಯಲ್ವಾ? ಇನ್ನೊಬ್ಬಳು ‘ಜಾತ್ರಿಗಿ’ ಅನ್ನಬಹುದು. ಅದನ್ನು ತಪ್ಪು ಅನ್ನಬೇಡಿ, ಜಾತ್ರೆಗೂ ರೊಟ್ಟಿ ಕಟ್ಟಿಕೊಂಡು ಹೋಗುವವರಿದ್ದಾರೆ. ‘ಬಹಳ ದಿನಕ್ಕೆ’ ಎನ್ನುವುದು ಗಟ್ಟಿ. ‘ದುಡಿಯಲು’ ಎನ್ನುವುದು ಇರಬಹುದು. ‘ಬೆಂಗಳೂರು’ ಬರೀ ಅಂದಾಜು. ‘ದೆವ್ವಕ್ಕೆ ಹೆದರಿ ಓಡಿದರು’ ಎಂದು ಒಬ್ಬ ಹೇಳಿದರೆ ಸಾಲು ತೋರಿಸು ಅನ್ನಿ, ನಗುತ್ತಾ ಕೂತುಬಿಡುತ್ತಾನೆ.

ಎರಡನೇ ಕಾಲಂ ಖಾಲಿ ಉಳಿದರೆ ಮಗುವನ್ನು ದಡ್ಡ ಅನ್ನಬೇಡಿ. ‘ಕಚೇರಿ ಒಂದೂವರೆಗೇ ಮುಚ್ಚಿತು’ ಎಂದು ಓದಿದರೆ ಕಲಬುರಗಿ ಹುಡುಗಿ ಬೇಸಿಗೆ ಅನ್ನುತ್ತಾಳೆ. ಏಪ್ರಿಲ್, ಮೇನಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುವುದು ಅವಳಿಗೆ ಗೊತ್ತು. ಮೈಸೂರಿನ ಹುಡುಗಿಗೆ ಅದು ಹೊಳೆಯುವುದಿಲ್ಲ. ಹಾಗೇ ಹಡಗು, ಹಿಮದ ಪಾಠ ಬಂದಾಗ ನಮ್ಮ ಮಕ್ಕಳಿಗೆ ಮೊದಲು ಎರಡು ಮಾತು ಹೇಳಿ, ಆಮೇಲೆ ಪ್ರಶ್ನೆ ಕೇಳಿ.

ನಾಲ್ಕು ಆಯ್ಕೆ ಕೊಟ್ಟು ಟಿಕ್ ಹಾಕಿಸುವ ವರ್ಕ್‌ಶೀಟ್ ನನಗೆ ಸೇರುವುದಿಲ್ಲ. ಕಣ್ಣು ಮುಚ್ಚಿ ಹಾಕಿದರೂ ಒಂದೆರಡು ಸರಿ ಬರುತ್ತವೆ.

5. ಮರುದಿನ ‘ಖಡಕ್’ ಅಳಿಸಿ ‘ಬಿಸಿ’ ಎಂದು ಬರೆದು, ಅದೇ ಪ್ರಶ್ನೆ ಕೇಳಿ. ಕೆಲವರು ನಿನ್ನೆಯ ಉತ್ತರವನ್ನೇ ಒಪ್ಪಿಸುತ್ತಾರೆ. ಅವರ ಜೊತೆ ಮತ್ತೆ ಕಾಲಂ ಹಾಕುತ್ತಾ ಕೂರಿ. ‘ರೊಟ್ಟಿ ಬಿಸಿ ಅದ, ಮತ್ತ ಆಡು ಯಾಕ ಬಿಟ್ಟು ಹೋದ್ಳು?’ ಎಂದು ತಕರಾರು ತೆಗೆದವರಿಗೆ ಮುಂದಿನ ನಾಲ್ಕು ಸಾಲು ಬರೆಯುವ ಕೆಲಸ ಕೊಡಿ.