ಥೀಸಿಸ್‌ನ ಸಮೀಕರಣಗಳಿಗೆ ನಂಬರ್: ನಾನು ಮಾಡುವ ರೀತಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಇದೇ ಊರಲ್ಲಿ ಇರೋದರಿಂದ ಇಂಜಿನಿಯರಿಂಗ್ ಥೀಸಿಸ್‌ಗಳು ಬರುತ್ತಲೇ ಇರುತ್ತವೆ. ಒಮ್ಮೆ ಮುಗಿಸಿ ಕೊಟ್ಟದ್ದು ಮತ್ತೆ ಬಂತು ಅಂದ್ರೆ ಗೈಡ್ ಏನೋ ಸೇರಿಸಲು ಹೇಳಿದ್ದಾರೆ ಅಂತಲೇ ಲೆಕ್ಕ. ಮೂರನೇ ಅಧ್ಯಾಯದಲ್ಲಿ ಒಂದು ಸಮೀಕರಣ ಹೆಚ್ಚಾದರೆ ಅದರ ಮುಂದಿನವೆಲ್ಲ ಒಂದೊಂದು ನಂಬರ್ ಸರಿಯಬೇಕು. ಅದು ಹೇಗೋ ಆದೀತು. ಆದರೆ ‘ಸಮೀಕರಣ 3.7ರ ಪ್ರಕಾರ’ ಅಂತ ಬರೆದ ಸಾಲು ಐದನೇ ಅಧ್ಯಾಯದಲ್ಲಿ ಎಲ್ಲೋ ಕೂತಿರುತ್ತದಲ್ಲ, ಅದನ್ನು ಹುಡುಕೋದೇ ತಲೆನೋವು.

ಅದಕ್ಕೇ ಗಣಿತ ಜಾಸ್ತಿ ಇದ್ದರೆ ನಾನು ಲೇಟೆಕ್‌ನಲ್ಲೇ ಮಾಡೋದು. ಬರಹದ ಜೊತೆ ಕಮಾಂಡ್‌ಗಳನ್ನು ಟೈಪ್ ಮಾಡಿ ರನ್ ಮಾಡಿದರೆ ಪುಟ ಜೋಡಿಸಿ ಕೊಡುವ ಸಾಫ್ಟ್‌ವೇರ್ ಇದು. ಅದರ ‘ರಿಪೋರ್ಟ್ ಕ್ಲಾಸ್’ ಅನ್ನೋ ಸಿದ್ಧ ವಿನ್ಯಾಸದಲ್ಲಿ ಅಧ್ಯಾಯದ ನಂಬರ್ ಹಿಡಿದು (3.7) ಅಂತ ತಾನೇ ಬರುತ್ತದೆ. ಪ್ರತಿ ಸಮೀಕರಣಕ್ಕೂ ಒಂದು ಲೇಬಲ್, ಅಂದ್ರೆ ಗುರುತಿನ ಹೆಸರು, ಕೊಡುತ್ತೇನೆ. ಲೇಬಲ್‌ನಲ್ಲಿ ಮಾತ್ರ ನಂಬರ್ ಬರೆಯೋದಿಲ್ಲ. ‘ಇಕ್ಯೂ7’ ಅಂತ ಹೆಸರಿಟ್ಟು, ನಾಳೆ ಅದು ಎಂಟನೆಯದಾದರೆ ಗೊಂದಲ ಅಲ್ವಾ? ‘ಹೀಟ್‌ಬ್ಯಾಲೆನ್ಸ್’ ಅಂತಿಟ್ಟರೆ ಎಲ್ಲಿಗೆ ಸರಿದರೂ ಗುರುತು ಸಿಗುತ್ತದೆ. ಬರಹದ ನಡುವೆ ಎಎಂಎಸ್‌ಮ್ಯಾಥ್ ಅನ್ನೋ ಪ್ಯಾಕೇಜಿನ (ಲೇಟೆಕ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ‘ಇಕ್ಯೂರೆಫ್’ ಕಮಾಂಡ್ ಹಾಕಿ ಆ ಹೆಸರು ಕೊಟ್ಟರೆ, ಬ್ರಾಕೆಟ್ ಸಮೇತ ನಂಬರ್ ಬಂದು ಕೂರುತ್ತದೆ.

ಫೈಲ್ ಮನೆಗೆ ಒಯ್ದವರು ಫೋನ್ ಮಾಡುತ್ತಾರೆ. “ಅಕ್ಕಾರ, ನಂಬರ್ ಇರೋ ಕಡೆ ಎಲ್ಲಾ ಎರಡೆರಡು ಪ್ರಶ್ನಾರ್ಥಕ ಚಿಹ್ನೆ ಬಂದಾವ್ರೀ!”

“ಇನ್ನೊಮ್ಮೆ ರನ್ ಮಾಡ್ರೀ ಸರ್.”

ಮೊದಲ ಸಲ ಲೇಟೆಕ್ ನಂಬರುಗಳನ್ನು ‘ಆಕ್ಸ್’ ಅನ್ನೋ ಸಹಾಯಕ ಫೈಲಿನಲ್ಲಿ ಬರೆದಿಡುತ್ತದೆ, ಎರಡನೇ ಸಲ ಅದನ್ನು ಓದಿ ತುಂಬುತ್ತದೆ. ಆಮೇಲೂ ಚಿಹ್ನೆ ಹೋಗದಿದ್ದರೆ ಲೇಬಲ್‌ನ ಕಾಗುಣಿತ ನೋಡಬೇಕು. ಇದಕ್ಕಿಂತ ಅಪಾಯ ಕಾಪಿ-ಪೇಸ್ಟ್. ಸಮೀಕರಣದ ಜೊತೆ ಲೇಬಲ್ಲೂ ನಕಲಾಗಿ ಒಂದೇ ಹೆಸರು ಎರಡು ಕಡೆ ಬೀಳುತ್ತದೆ. ಆಗ ಪ್ರಶ್ನಾರ್ಥಕ ಬರೋದಿಲ್ಲ, ತಪ್ಪು ನಂಬರ್ ಬರುತ್ತದೆ. ರನ್ ಮಾಡಿದಾಗ ಬರುವ ಲಾಗ್ ವರದಿಯಲ್ಲಿ ಒಂದು ಎಚ್ಚರಿಕೆ ಇರುತ್ತದೆ, ಆದರೆ ಅದನ್ನು ಯಾರು ಓದ್ತಾರೆ! ನಾನಂತೂ ಶೋಕೀಸ್ ಪ್ಯಾಕೇಜ್ ಹಾಕಿ, ಲೇಬಲ್ ಹೆಸರುಗಳು ಅಂಚಿನಲ್ಲಿ ಕಾಣುವಂತೆ ಒಂದು ಪ್ರತಿ ತೆಗೆದು ಕಣ್ಣಾಡಿಸುತ್ತೇನೆ.

ಹಲವು ಸಾಲಿನ ಉದ್ದದ ಡೆರಿವೇಶನ್‌ಗೆ ಲೇಟೆಕ್‌ನ ‘ಅಲೈನ್’ ಕಮಾಂಡ್ ಹಾಕಿದರೆ ಸಾಲಿಗೊಂದು ನಂಬರ್ ಬೀಳುತ್ತದೆ. ಬೇಡದ ಸಾಲಿಗೆ ‘ನೋಟ್ಯಾಗ್’. ಇಡೀ ಗುಂಪಿಗೆ ಒಂದೇ ಸಾಕಾದರೆ ‘ಇಕ್ವೇಶನ್’ ಒಳಗೆ ‘ಸ್ಪ್ಲಿಟ್’. ಮುಂದೆ ಹೆಸರೆತ್ತುವ ಸಮೀಕರಣಕ್ಕೆ ಮಾತ್ರ ನಂಬರ್ ಸಾಕು ಅಂತ ನನಗನಿಸುತ್ತದೆ. ಗೈಡ್ ಎಲ್ಲಕ್ಕೂ ಬೇಕು ಅಂದರೆ ಸುಮ್ನೆ ಹಾಕಿಕೊಡುತ್ತೇನೆ.

ವರ್ಡೇ ಬೇಕು ಅನ್ನುವವರಿಗೆ ಗೆರೆ ಕಾಣದ ಟೇಬಲ್ ಮಾಡಿ, ಅದರ ಬಲಗಡೆ ಮನೆಯಲ್ಲಿ ವರ್ಡ್‌ನ ‘ಕ್ಯಾಪ್ಶನ್’ ಸೌಲಭ್ಯದಿಂದ ನಂಬರ್ ಹಾಕುತ್ತೇನೆ. ಉಲ್ಲೇಖಕ್ಕೆ ಕ್ರಾಸ್-ರೆಫರೆನ್ಸ್. ಅಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಎಫ್9 ಒತ್ತಿದರೆ ನಂಬರುಗಳು ಹೊಸದಾಗುತ್ತವೆ. ಪ್ರಿಂಟ್ ಕೊಡುವ ಮುಂಚೆ ಅದನ್ನು ನಾನೇ ಒತ್ತುತ್ತೇನೆ.